ಕಂಬಳಿಗೆ ಇಸ್ತ್ರಿ

ಕಂಬಳಿಗೆ ಇಸ್ತ್ರಿ ಮಾಡುವ ಬುದ್ಧಿ ನನ್ನನ್ನು ಬಿಟ್ಟು ಯಾರಿಗೂ ಬಂದಿರಲಿಕ್ಕಿಲ್ಲ. ಲಿಂಗಸುಗೂರಿನ ನಮ್ಮ ಕಚೇರಿಯ ಪ್ರದರ್ಶನಕ್ಕೆಂದು ಮಸ್ಕಿಯ ಕುರಿಗಾರ ಅಜ್ಜನೊಬ್ಬನಿಂದ, ಅವನಪ್ಪ ನೇಯ್ದ ಬಿಳಿ ಅಂಚಿನ ಕರಿ ಕಂಬಳಿ ತಂದಿದ್ದೆ. ಮಡಿಕೆ ಬಿಡಿಸಲು ಹೋಗಿ ಅಂಚನ್ನೇ ಸುಟ್ಟೆ. ವಾಪಸ್ ಕೊಡಲು ಹೋಗುವಾಗ, ಇಲಿ ಕಡಿದವು ಅಂತ ಹೇಳುವುದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಅಜ್ಜ ಅದೇ ಕಂಬಳಿ ಹಾಸಿ ನನ್ನನ್ನು ಕೂಡಿಸಿದ. "ನಮ್ಮಾಗ ಕಂಬಳಿ ಮ್ಯಾಲ ಕುಂತು ಸುಳ್ಳು ಹೇಳಂಗಿಲ್ರಿ ಸಾಹೇಬ್ರ. ಈಗ ಹೇಳ್ರಿ, ಅಂಚಿಗೆ ಏನಾತು?"

ಇಲಿಯ ಕತೆ ಕಟ್ಟಿಕೊಂಡು ಬಂದದ್ದೂ ಸೇರಿ, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

ಅಜ್ಜ ನಕ್ಕು, ಇನ್ನೊಂದು ಮೂಲೆಯ ತೂತು ತೋರಿಸಿದ. "ಇದು ನಮ್ಮಪ್ಪನ ಬೀಡಿ ಕಿಡಿ ರೀ. ಅವನೂ ಇಲಿ ಕಡದಾವ ಅಂತ ಅವ್ವಗ ಹೇಳಿದ್ದ. ಆದ್ರ ನಿಂತಕೊಂಡು ಹೇಳಿದ್ದ."

ಎದೆ ಹಗುರಾಯಿತು. ನಮ್ಮ ಕಚೇರಿಯ ಕುರ್ಚಿಗಳಿಗೂ ಒಂದೊಂದು ಕಂಬಳಿ ಹಾಸಬೇಕು ಅನ್ನಿಸಿತು. ಅಲ್ಲಿ ನಾನೂ ಕೂಡಬೇಕಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ನೆನಪಾಯಿತು.