ಅವ್ವನ ಬಾಯಲ್ಲಿ ನನ್ನ ಹೆಸರು

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ನಿಂತು ಯಾರಾದರೂ ‘ತಾತಾ’ ಎಂದು ಗಟ್ಟಿಯಾಗಿ ಕೂಗಿದರೆ ಕನಿಷ್ಠಪಕ್ಷ ಏಳೆಂಟು ತಲೆಗಳಾದರೂ ಹೊರಳುತ್ತವೆ ಎಂಬುದು ನಾನು ದೀರ್ಘಕಾಲದ ಅನುಭವದಿಂದ ಕಂಡುಕೊಂಡ ಸತ್ಯ. ಆ ತಲೆಗಳಲ್ಲಿ ಕೆಲವು ಬಿಳಿ, ಕೆಲವು ಬೋಳು, ಒಂದೆರಡು ಈಚೆಗಷ್ಟೇ ಬಣ್ಣ ಹಚ್ಚಿಸಿಕೊಂಡು ತಾವು ತಾತಂದಿರೇ ಅಲ್ಲವೆಂದು ಸಾಧಿಸಹೊರಟಂಥವು. ಆದರೂ ಕರೆ ಕೇಳಿದೊಡನೆ ಅಭ್ಯಾಸಬಲದಿಂದ ತಿರುಗಿಬಿಡುತ್ತವೆ. ಮೊನ್ನೆ ಬೆಳಿಗ್ಗೆ ನಾವು ಸಂಡೂರಿನ ಬಸ್ಸಿಗಾಗಿ ಕಾಯುತ್ತಿದ್ದಾಗಲೂ ಹಾಗೆಯೇ ಆಯಿತು. ‘ತಾತಾ, ಬಸ್ ಬಂತು ನೋಡು, ಜಲ್ದಿ ಬಾ’ ಎಂಬ ಕೂಗಿಗೆ ತಿರುಗಿದ ತಾತಂದಿರೆಲ್ಲ ಕೂಗಿದವಳನ್ನು ಕಂಡು ತಬ್ಬಿಬ್ಬಾದರು. ಏಕೆಂದರೆ ಆಕೆ ಯಾರ ಮೊಮ್ಮಗಳೂ ಆಗಿರದೆ, ಅವರೆಲ್ಲರಿಗಿಂತ ಹಿರಿಯಳಾದ, ಎಂಬತ್ತು ದಾಟಿದ ಹಣ್ಣುಹಣ್ಣು ಮುದುಕಿಯಾಗಿದ್ದಳು. ಕರೆಸಿಕೊಂಡವನು ಆಕೆಯ ಮಗನಾದ ನಾನು. ಎಂದಿನಂತೆ ಕೇಳಿಸದವನ ಹಾಗೆ ಕತ್ತು ಬಗ್ಗಿಸಿಕೊಂಡು ಹೋಗಿ ಬಸ್ ಹತ್ತಿದೆ.

ನನಗೆ ಹೆಸರಿಲ್ಲವೆಂದು ತಿಳಿಯಬೇಡಿ. ಪಂಪಾಪತಿ ಎಂಬ, ಬಾಯಿ ತುಂಬ ಕರೆಯಬಹುದಾದ ಹೆಸರೇ ಇದೆ. ಆದರೆ ಅದು ನನ್ನದಾಗುವುದಕ್ಕೆ ಮೊದಲು ನನ್ನ ತಂದೆಯ ತಂದೆಯದಾಗಿತ್ತು. ಎಂದರೆ ನನ್ನ ಅವ್ವನಿಗೆ ಮಾವನ ಹೆಸರು. ಮಾವನ ಹೆಸರನ್ನು ಸೊಸೆಯಾದವಳು ಬಾಯಿಬಿಟ್ಟು ಹೇಳುವುದುಂಟೆ? ಹಾಗಾಗಿ ತೊಟ್ಟಿಲಿಂದ ಇಳಿಯುವ ಮೊದಲೇ ನಾನು ಅವಳಿಗೆ ‘ತಾತ’ನಾದೆ. ಇದರಿಂದ ನನಗೊಂದು ಲಾಭವೂ ಆಯಿತು. ಓಣಿಯ ಹುಡುಗರೆಲ್ಲ ತಮ್ಮ ಹೆಸರಿಗೆ ಬೈಗುಳದ ಬಾಲ ಕಟ್ಟಿಸಿಕೊಂಡು ಏಟು ತಿನ್ನುತ್ತಿದ್ದಾಗ, ಬೈದರೆ ಮಾವನನ್ನೇ ಬೈದಂತಾದೀತೆಂದು ಅಂಜುತ್ತಿದ್ದ ಅವ್ವನಿಂದ ನನಗೆ ಸಿಗುತ್ತಿದ್ದುದು ‘ತಾತಾ, ಹಂಗ ಮಾಡಬ್ಯಾಡಪ’ ಎಂಬ ವಿನಯಪೂರ್ವಕ ವಿಜ್ಞಾಪನೆ ಮಾತ್ರ. ಮುಂದೆ ಮದುವೆಯಾಯಿತು. ಹೆಂಡತಿ ಗಂಡನ ಹೆಸರು ಹಿಡಿಯಬಾರದೆಂಬ ಸಂಪ್ರದಾಯಕ್ಕೆ ಶರಣಾಗಿ ನನ್ನನ್ನು ‘ಏನ್ರಿ’ ಎಂದಳು. ಹೀಗೆ ಇಬ್ಬರು ಹೆಂಗಸರಿರುವ ಮನೆಯಲ್ಲಿ ಒಬ್ಬಳಿಗೆ ತಾತನಾಗಿ, ಇನ್ನೊಬ್ಬಳಿಗೆ ಪ್ರಶ್ನಾರ್ಥಕ ಚಿಹ್ನೆಯಾಗಿ ಬಾಳಿದ ನಾನು, ನನ್ನ ಹೆಸರನ್ನು ಹೆಚ್ಚಾಗಿ ಕಂಡದ್ದು ಕರೆಂಟ್ ಬಿಲ್ಲಿನ ಮೇಲೆ.

ಇದನ್ನು ಬರಿಯ ಕಟ್ಟುಪಾಡೆಂದು ಜರೆಯಲು ನನಗೆ ಮನಸ್ಸಾಗದು. ಅವ್ವ ಕಂಪ್ಲಿಯಿಂದ ಎಳೆಯ ಸೊಸೆಯಾಗಿ ಬಂದ ಹೊಸದರಲ್ಲಿ, ತವರು ನೆನೆದು ಅಡುಗೆಮನೆಯ ಮೂಲೆಯಲ್ಲಿ ಅಳುತ್ತ ಕುಳಿತದ್ದನ್ನು ಕಂಡ ಆ ಮಾವ ಏನನ್ನೂ ಕೇಳದೆ ಗಾಡಿ ಹೂಡಿಸಿಕೊಂಡು ಕಂಪ್ಲಿಗೆ ಹೋಗಿ, ಅವಳ ಅಣ್ಣನನ್ನು ಕರೆತಂದು, ವಾರವಿಡೀ ಮನೆಯಲ್ಲಿ ಇರಿಸಿಕೊಂಡರಂತೆ. ಅವರು ತೀರಿಕೊಂಡ ವರ್ಷವೇ ನಾನು ಹುಟ್ಟಿದೆ. ಆ ಹೆಸರನ್ನು ಅವ್ವ ಹೇಳದೆ ಉಳಿಸಿಕೊಂಡದ್ದರಲ್ಲಿ ಭಯಕ್ಕಿಂತ ಋಣವೇ ಹೆಚ್ಚಾಗಿತ್ತು. ಇಷ್ಟೆಲ್ಲ ಬಲ್ಲವನಾದರೂ, ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನಾದರೂ, ನನ್ನೊಳಗೊಂದು ಬಾಲಿಶವಾದ ಆಸೆ ಉಳಿದೇ ಇತ್ತು. ಒಮ್ಮೆ, ಒಂದೇ ಒಂದು ಸಲ, ನನ್ನ ಹೆಸರನ್ನು ಅವ್ವನ ಬಾಯಿಂದ ಕೇಳಬೇಕು. ಕಣ್ಣಿನ ಆಪರೇಷನ್ನಿಗೆಂದು ಕರೆದೊಯ್ದಾಗ ನರ್ಸು, ‘ಅಜ್ಜಿ, ನಿಮ್ಮ ಮಗನ ಹೆಸರೇನು?’ ಎಂದು ಕೇಳಿದಳು. ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತೆ. ಅವ್ವ ಕಣ್ಣಿಗೆ ಕಟ್ಟಿದ ಪಟ್ಟಿಯ ಸಮೇತ ನನ್ನ ದಿಕ್ಕಿಗೆ ಮುಖ ಮಾಡಿ, ‘ತಾತಾ, ನಿನ್ನ ಹೆಸರು ಕೇಳ್ತಾರ, ಹೇಳಪ’ ಎಂದಳು.

ಹೆಸರಿನ ವಿಷಯದಲ್ಲಿ ನಮ್ಮ ಸೀಮೆಯವರು ದೂರ ಹೋಗುವವರಲ್ಲ. ಕಣ್ಣಿಗೆ ಕಾಣುವ ಗುಡ್ಡ, ಕಾಲಿಗೆ ತಾಗುವ ಹೊಳೆ, ನಡೆದು ಮುಟ್ಟಬಹುದಾದ ದೇವರು, ಇಷ್ಟರೊಳಗೇ ಗಂಡುಕೂಸಿಗೊಂದು ಹೆಸರು ಸಿಕ್ಕಿಬಿಡುತ್ತಿತ್ತು. ಹುಲಿಗೆಮ್ಮನಿಗೆ ಹರಕೆ ಹೊತ್ತರೆ ಹುಲುಗಪ್ಪ, ಸಂಡೂರಿನ ಗುಡ್ಡ ಹತ್ತಿ ಬಂದರೆ ಕುಮಾರಸ್ವಾಮಿ, ಕೊಟ್ಟೂರಿಗೆ ನಡೆದುಕೊಂಡರೆ ಕೊಟ್ರೇಶ. ಹಂಪಿಗೆ ಸೇರಿದವರಿಗೆ ವಿರೂಪಾಕ್ಷ ಇಲ್ಲವೆ ಪಂಪಾಪತಿ. ಪಂಪೆಯೆಂದರೆ ನಮ್ಮ ಹೊಳೆಯ ಹಳೆಯ ಹೆಸರು, ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡ ಹೆಣ್ಣಿನ ಹೆಸರೂ ಹೌದು. ಲೋಕದಲ್ಲಿ ಹೆಂಡತಿಯರು ಗಂಡನ ಹೆಸರಿನಿಂದ ಗುರುತಾದರೆ, ಮೂರು ಕಣ್ಣಿನ ನಮ್ಮ ದೇವರು ಇಂಥವಳ ಗಂಡ ಎಂದು ಕರೆಸಿಕೊಂಡು ಸುಖವಾಗಿದ್ದಾನೆ. ಪರಿಣಾಮವಾಗಿ ನಾನು ಓದಿದ ಶಾಲೆಯ ತರಗತಿಯಲ್ಲಿ ಪಂಪಾಪತಿಗಳ ಸುಗ್ಗಿ. ತಂದೆ ಸಕ್ಕರೆ ಕಾರ್ಖಾನೆಯಲ್ಲಿದ್ದವನು ಸಕ್ಕರೆ ಪಂಪಾಪತಿ, ಕಾಲುವೆ ದಂಡೆಯವನು ಕಾಲುವೆ ಪಂಪಾಪತಿ, ಸ್ಟೇಷನ್ ಹತ್ತಿರದವನು ರೈಲು ಪಂಪಾಪತಿ. ಯಾವ ವಿಶೇಷವೂ ಇಲ್ಲದ ನನ್ನನ್ನು ಮೇಷ್ಟರು ಹಾಜರಿಯ ಕೊನೆಯಲ್ಲಿ ‘ಇನ್ನೊಬ್ಬ ಪಂಪಾಪತಿ’ ಎಂದು ಕೂಗುತ್ತಿದ್ದರು.

ಅವ್ವನ ಅಣ್ಣ, ಅಂದು ಗಾಡಿಯಲ್ಲಿ ಬಂದಿಳಿದವನು, ಕಂಪ್ಲಿಯ ತಿಪ್ಪಣ್ಣ ಮಾವ. ಹುಟ್ಟಿದ ಮಕ್ಕಳು ದಕ್ಕದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೊಮ್ಮೆ ಹೊರಳಿಸಿ, ಇದು ನಮಗೇ ಬೇಡವಾದದ್ದೆಂದು ಸಾವನ್ನು ನಂಬಿಸಿ, ತಿಪ್ಪಣ್ಣನೆಂದು ಹೆಸರಿಡುವುದು ವಾಡಿಕೆ. ಮುದ್ದಿಗೆ ಚೆಂದದ ಹೆಸರಿಡಲು ಧೈರ್ಯವಿಲ್ಲದಷ್ಟು ಪ್ರೀತಿಸಿದ ತಾಯಂದಿರು ಅವರು. ಮಾವನ ಮಗ ಒಮ್ಮೆ ಮದುವೆಯ ಕಾರ್ಡಿನಲ್ಲಿ ಅಪ್ಪನ ಹೆಸರನ್ನು ಕೊಂಚ ನಾಜೂಕುಗೊಳಿಸಿ ಅಚ್ಚು ಹಾಕಿಸಹೋದಾಗ, ಭತ್ತದ ಗದ್ದೆಯ ಕೆಸರು ಕಾಲಿನಲ್ಲೇ ಬಂದ ಮಾವ, ‘ಈ ಹೆಸರು ನನ್ನ ಜೀವ ಉಳಿಸೈತಲೇ. ಅದಕ್ಕ ಸೋಪು ಹಚ್ಚಿ ತೊಳೀಬ್ಯಾಡ್ರಿ’ ಎಂದ. ಕಾರ್ಡಿನಲ್ಲಿ ತಿಪ್ಪಣ್ಣನೆಂದೇ ಅಚ್ಚಾಯಿತು. ಅವನೂ ಈಗಿಲ್ಲ, ಆ ಹೆಸರಿಡುವವರೂ ಈಗ ಕಾಣುವುದಿಲ್ಲ.

ಹೆಸರಿಲ್ಲದ ಫಜೀತಿ ನನಗೆ ತಿಳಿಯುವ ಮೊದಲೇ ಅವ್ವನಿಗೆ ತಿಳಿದದ್ದು ಹಂಪಿ ಬಜಾರಿನಲ್ಲಿ. ಆಗಿನ್ನೂ ಅಲ್ಲಿನ ಕಲ್ಲುಮಂಟಪಗಳಲ್ಲಿ ಜನ ಬಾಳುತ್ತಿದ್ದರು; ಕಂಬಗಳ ನಡುವೆ ಬಳೆ ಅಂಗಡಿ, ಮಿರ್ಚಿಯ ಎಣ್ಣೆ ವಾಸನೆ, ಒಲೆಯ ಹೊಗೆಗೆ ಕಪ್ಪಾದ ಚಾವಣಿ. ಒಂದು ಶ್ರಾವಣ ಸೋಮವಾರ, ಇನ್ನೂ ಶಾಲೆಯ ಮುಖ ನೋಡದ ನಾನು, ದೇವಸ್ಥಾನದ ಆನೆಯ ಬೆನ್ನುಹತ್ತಿ ತಪ್ಪಿಸಿಕೊಂಡೆ. ಅವ್ವ ಬಜಾರಿನ ಉದ್ದಕ್ಕೂ ‘ತಾತಾ, ಏ ತಾತಾ’ ಎಂದು ಕೂಗುತ್ತ ಓಡಿದಳಂತೆ. ಮಂಟಪಗಳ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತಿದ್ದ ಮುದುಕರೆಲ್ಲ ಎದ್ದು ನಿಂತರು. ‘ಯಾವ ತಾತ ಬೇಕವ್ವಾ ನಿನಗ?’ ಎಂದೊಬ್ಬ ಕೇಳಿದ. ‘ನಮ್ಮ ತಾತ ರೀ, ಸಣ್ಣ ಹುಡುಗ’ ಎಂದು ಅವ್ವ ಅತ್ತಳು. ಬಳೆಗಾರ್ತಿಯೊಬ್ಬಳು ಹೆಸರು ಕೇಳಿದಳು. ಮಗು ಕಳೆದುಹೋಗಿದೆ, ಹೆಸರು ಗಂಟಲಲ್ಲಿದೆ, ನಾಲಗೆಯ ಮೇಲೆ ಬಾರದು. ‘ಮಾವನ ಹೆಸರು ಇಟ್ಟೀಯೇನವ್ವಾ?’ ಎಂದು ಬಳೆಗಾರ್ತಿ ತಾನೇ ಊಹಿಸಿದಳು. ಅವ್ವ ತಲೆಯಾಡಿಸಿ ಗೋಪುರದತ್ತ ಬೆರಳು ಮಾಡಿದಳು. ‘ವಿರುಪಾಕ್ಷಿನಾ? ಅಲ್ಲ? ಹಂಗಾರ ಪಂಪಾಪತಿನಾ?’ ಅವ್ವ ಹೌದೆಂದಳು.

ಬಳೆಗಾರ್ತಿ ‘ಪಂಪಾಪತೀ’ ಎಂದು ಕಹಳೆಯೂದಿದಂತೆ ಕೂಗಿದಳು. ಅಂಗಡಿ ಸಂದಿಗಳಿಂದ, ಕಂಬದ ಮರೆಗಳಿಂದ ಮೂಗು ಸುರಿಸುತ್ತ ಬಾಲಪಂಪಾಪತಿಗಳ ಸೈನ್ಯವೇ ಬಂದು ನಿಂತಿತು. ಅದರಲ್ಲಿ ನಾನೊಬ್ಬನಿರಲಿಲ್ಲ. ನಾನು ಅಲ್ಲೇ, ಆನೆಗೆ ಹಾಕಿದ್ದ ಹುಲ್ಲಿನ ರಾಶಿಯ ಹಿಂದೆ ನಿಂತು ಆ ಕೂಗನ್ನು ಕೇಳಿಸಿಕೊಂಡೆ. ಪಂಪಾಪತಿ ಯಾರೋ ಪಾಪ ಎಂದುಕೊಂಡೆ. ಸೋತ ಅವ್ವ ನೆಲಕ್ಕೆ ಕುಸಿದು ಮತ್ತೊಮ್ಮೆ ‘ತಾತಾ’ ಎಂದಾಗ ಓಡಿಹೋಗಿ ಅವಳ ಸೆರಗು ಹಿಡಿದೆ. ಇಂದು ಆ ಮಂಟಪಗಳು ಬರಿದಾಗಿವೆ, ಸರ್ಕಾರ ತೆರವು ಮಾಡಿಸಿದ ಮೇಲೆ ಜನ ಕಡ್ಡಿರಾಂಪುರದ ಕಡೆಗೆ ಹೋದರು. ಅಲ್ಲಿ ನಡೆಯುವಾಗಲೆಲ್ಲ ಆ ಎರಡು ಕೂಗೂ ನನಗೆ ನೆನಪಾಗುತ್ತವೆ.

ಇಷ್ಟೆಲ್ಲ ಪುರಾಣಕ್ಕೆ ಕಾರಣ, ನನ್ನ ಒಬ್ಬನೇ ಮಗನಿಗೆ ಈಗ ಗಂಡುಮಗು ಹುಟ್ಟಿರುವುದು. ಸೊಸೆ ಕಾವ್ಯ ಸಂಡೂರಿನವಳು, ಬಾಣಂತನಕ್ಕೆ ತವರಿನಲ್ಲಿದ್ದಾಳೆ. ಹೆಸರಿನ ಹುಡುಕಾಟ ಫೋನಿನಲ್ಲಿ ಶುರುವಾಯಿತು. ವಿಹಾನ್, ರಿಯಾಂಶ್, ಅಯಾನ್ ಎಂದು ಬಂದ ಹೆಸರುಗಳ ಅರ್ಥ ನೋಡಿದರೆ ಹತ್ತರಲ್ಲಿ ಎಂಟಕ್ಕೆ ‘ಸೂರ್ಯನ ಕಿರಣ’ ಎಂದಿತ್ತು. ಹೊಸಪೇಟೆಯ ಏಪ್ರಿಲ್ ಕಂಡವರು ಯಾರೂ ಇನ್ನೊಂದು ಸೂರ್ಯಕಿರಣವನ್ನು ಬೇಡಲಾರರೆಂದು ನಾನು ಗೊಣಗಿದೆ. ನನ್ನ ಹೆಸರೇ ಇಡಿ ಎನ್ನಲು ಸಂಕೋಚ. ಹೀಗಿರುವಾಗ ಒಂದು ಸಂಜೆ ಕಾವ್ಯ ವಿಡಿಯೋ ಕರೆ ಮಾಡಿದಳು. ಕೂಸಿಗೆ ಚುಚ್ಚುಮದ್ದು ಹಾಕಿಸಿ ಬಂದಿದ್ದಳು.

‘ಮಾವ, ಸಿಸ್ಟರು ವಿಹಾನ್ ಅಂತ ಕೂಗಿದ್ರ ನಾಕ್ ಮಂದಿ ತಾಯಂದಿರು ಎದ್ದು ನಿಂತ್ರು. ಫೋನಿನಾಗ ನೋಡಿದ್ರ ಅದು ಭಾಳ ಅಪರೂಪದ ಹೆಸರಂತ. ನನಗ ಅನಸ್ತು, ಅಪರೂಪದ್ದ ಬೇಕಂದ್ರ ಪಂಪಾಪತಿ ಐತಲ್ಲ, ಇಡೀ ಶಾಲಿಗೆ ಒಬ್ಬನ ಇರ್ತಾನ. ಕರೆಯಾಕ ನಿಮ್ಮ ಒಪ್ಪಿಗಿ ಬೇಕಷ್ಟ.’

ಪಕ್ಕದಲ್ಲಿದ್ದ ಅವ್ವ ಗಲ್ಲಕ್ಕೆ ಕೈ ಹಚ್ಚಿಕೊಂಡಳು. ‘ಅಯ್ಯ, ಮಾವನ ಎದುರಿಗೇ ಹೆಸರು ಹಿಡಿತೈತಿ ನೋಡು ಹುಡುಗಿ!’ ಎಂದವಳು ಕೆಮ್ಮು ಬರುವಷ್ಟು ನಕ್ಕಳು. ‘ಇನ್ನೊಬ್ಬ ಪಂಪಾಪತಿ’ಯಾಗಿ ಬೆಳೆದವನ ಹೆಸರು ಕಡೆಗೂ ಅಪೂರ್ವವಸ್ತುವಾದದ್ದಕ್ಕೆ ನಾನು ಎಷ್ಟು ಹಿಗ್ಗಿದೆನೆಂದರೆ, ಅಂದು ರಾತ್ರಿ ಊಟಕ್ಕೆ ಉಪ್ಪಿಲ್ಲದ್ದೂ ಗೊತ್ತಾಗಲಿಲ್ಲ.

ಮಗನೂ ನನ್ನ ಹೆಂಡತಿಯೂ ಮುಂಚೆಯೇ ಸಂಡೂರಿಗೆ ಹೋಗಿದ್ದರು. ಮೊನ್ನೆ ಆ ಬೆಳಗಿನ ಬಸ್ಸಿನಲ್ಲಿ ಅವ್ವನೂ ನಾನೂ ಹೊರಟದ್ದು ತೊಟ್ಟಿಲ ಕಾರ್ಯಕ್ಕೇ. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ನನಗೆ ಮಗಳಿಲ್ಲದ್ದರಿಂದ ಗಂಡಿನ ಕಡೆಯ ಹಿರಿಯಳಾದ ಅವ್ವನೇ ಹೇಳಬೇಕೆಂದು ಕಾವ್ಯ ಹಟ ಹಿಡಿದಳು. ಗುಂಡುಕಲ್ಲಿಗೆ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದರು, ತೂಗಿದರು, ಬಳಿಕ ಕೂಸು ಬಂತು. ‘ಹೇಳ್ರಿ ಅವ್ವಾ, ಜಲ್ದಿ ಹೇಳ್ರಿ’ ಎಂದು ಹೆಂಗಸರು, ಹೆಸರು ಹೇಳಿದವಳ ಬೆನ್ನಿಗೆ ವಾಡಿಕೆಯಂತೆ ಗುದ್ದಲು ಮುಷ್ಟಿ ಕಟ್ಟಿಕೊಂಡು ಸಿದ್ಧರಾದರು. ಗಂಡಸರ ಸಾಲಿನಲ್ಲಿದ್ದ ನಾನು ಕಂಬಕ್ಕೆ ಆತುಕೊಂಡು ಮೈಯೆಲ್ಲ ಕಿವಿಯಾದೆ. ಅವ್ವ ತೊಟ್ಟಿಲ ಹತ್ತಿರ ಸರಿದಳು. ಆಮೇಲೆ ಬಗ್ಗಿ, ತನ್ನ ಮೇಲೂ ಕೂಸಿನ ಮೇಲೂ ಸೆರಗು ಎಳೆದುಕೊಂಡಳು. ತುಟಿ ಅಲುಗಿತೋ ಇಲ್ಲವೋ ಕಾಣಲಿಲ್ಲ. ಧಬಧಬನೆ ಗುದ್ದು ಬಿದ್ದವು. ‘ಮೆಲ್ಲಕ ಹೊಡೀರೇ, ಮುದುಕಿ ಅದೀನಿ’ ಎನ್ನುತ್ತ ಅವ್ವ ಎದ್ದಳು. ಗುಗ್ಗರಿ ಹಂಚಿದರು. ನನ್ನ ಪಾಲಿನ ಗುಗ್ಗರಿಯನ್ನು ತಿನ್ನದೆ ಗಂಟು ಕಟ್ಟಿಕೊಂಡೆ.

ಹಿಂದಿರುಗುವ ಬಸ್ಸಿನಲ್ಲಿ ಅದಿರಿನ ಕೆಂಪು ದೂಳು ಕಿಟಕಿಗೆ ಮೆತ್ತುತ್ತಿತ್ತು. ತಡೆಯಲಾರದೆ ಕೇಳಿದೆ.

‘ಅವ್ವಾ, ಕೂಸಿನ ಕಿವಿಯಾಗ ಏನಂದಿ?’

‘ಏನಂತಾರ? ಹೆಸರು ಹೇಳಿದೆ.’

‘ಪೂರಾ ಹೇಳಿದಿ?’

‘ಅರ್ಧ ಹೆಸರು ಯಾರರ ಇಡ್ತಾರೇನು?’

ನಾನು ಮುನಿದ ಮಗುವಿನಂತೆ, ‘ಮುದುಕ ಆದೆ ನಾನು. ನನ್ನ ಕಿವಿಯಾಗ ಒಮ್ಮಿನೂ ಹೇಳಲಿಲ್ಲ ನೀನು’ ಎಂದೆ.

ಅವ್ವ ಆಶ್ಚರ್ಯದಿಂದ ನನ್ನತ್ತ ನೋಡಿದಳು. ‘ಹೇಳೀನಲ್ಲ! ಕಂಪ್ಲಿಯಾಗ ನಿನ್ನ ತೊಟ್ಟಿಲಿಗೆ ಹಾಕೋ ದಿನ ಹೊಳಿ ತುಂಬಿತ್ತು. ಗಂಗಾವತಿಯಿಂದ ನಿಮ್ಮ ಸೋದರತ್ತಿಗೆ ದಾಟಿ ಬರಾಕ ಆಗಲಿಲ್ಲ. ಬ್ಯಾರೆ ಯಾರೋ ಹೇಳ್ತೀನಂತ ಬಂದ್ರು. ಮಾವನ ಹೆಸರು, ಬ್ಯಾರೆಯವರ ಬಾಯಾಗ ಯಾಕ ಅಂತ ನಾನ ಹೇಳಿದೆ. ಒಮ್ಮಿ ಹೇಳೀನಿ. ಕೇಳಿ ನಕ್ಕಿದ್ದಿ. ನೀನ ಮರ್ತಿ.’

ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಜೀವಮಾನವಿಡೀ ಯಾವುದಕ್ಕಾಗಿ ಹಂಬಲಿಸಿದೆನೋ ಅದು ನನಗೆ ಎಲ್ಲಕ್ಕಿಂತ ಮೊದಲೇ ಸಂದಿತ್ತು. ಕಣ್ಣು ತುಂಬಿ ಬಂದವು. ದೂಳೆಂದು ಸುಳ್ಳು ಹೇಳಲು ಅನುಕೂಲವಾಗುವಷ್ಟು ದೂಳೂ ಇತ್ತು.

ಹೊಸಪೇಟೆ ತಲುಪಿದಾಗ ಸಂಜೆ. ಆಟೋ ಹಿಡಿಯಲೆಂದು ನಾನು ಮುಂದೆ ಹೋಗಿದ್ದೆ. ಹಿಂದಿನಿಂದ ಕೂಗು ಬಂತು: ‘ತಾತಾ, ಗುಗ್ಗರಿ ಗಂಟು ಬಸ್ಸಿನಾಗ ಬಿಟ್ಟೀಯೇನ?’ ಬೆಂಚುಗಳ ಮೇಲಿನ ಬಿಳಿ ತಲೆ, ಬೋಳು ತಲೆ, ಬಣ್ಣದ ತಲೆಗಳೆಲ್ಲ ಹೊರಳತೊಡಗಿದವು. ಅವರೆಲ್ಲರಿಗಿಂತ ಮೊದಲು ನಾನು ತಿರುಗಿ, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದೆ, ‘ಬಂದೆ ಅವ್ವಾ.’