ಬಚ್ಚಲೊಲೆಗೆ ಹೋದ ಅಣಕು ನಾಟಕ

ನನ್ನ ಸೀನಿಯರ್ ವಕೀಲರು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಅವರ ಸೊಸೆ ರಾಣೇಬೆನ್ನೂರಿನಿಂದ ಫೋನ್ ಮಾಡಿದರು. "ಮಾವನೋರ ಪುಸ್ತಕ ರದ್ದಿಗೆ ಹಾಕಾಕ ಮನಸ್ಸ ಬರವಲ್ದು. ನಿಮಗ ಬೇಕಾದ್ದು ತಗೊಂಡ ಹೋಗ್ರಿ," ಎಂದರು. ಹಾವೇರಿಯಿಂದ ಹೋದೆ. ವಕೀಲಿಕೆ ಕಲಿಯಲು ನಾನು ಮೂರು ವರ್ಷ ಕೂತಿದ್ದ ಅದೇ ಕೋಣೆ, ನನ್ನ ಕುರ್ಚಿಯ ಹಿಂದಿನ ಅದೇ ಗಾಜಿನ ಕಪಾಟು. ಕೆಳಗಿನ ಖಾನೆಯಲ್ಲಿ, ಹಳೆಯ ತೀರ್ಪುಗಳ ಸಂಪುಟಗಳ ಹಿಂದೆ, ಚರ್ಮದ ರಟ್ಟಿನ ಸಣ್ಣ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಮುಟ್ಟಿದರೆ ಕಂದು ಪುಡಿ ಬೆರಳಿಗೆ ಹತ್ತುತ್ತಿತ್ತು. ನಾಟಕಗಳನ್ನು ಅಣಕಿಸುವುದು, ಅದಕ್ಕೆ ಕಾಪಿರೈಟ್ ಕಾನೂನು ಏನನ್ನುತ್ತದೆ ಎಂಬುದಷ್ಟೇ ಅದರ ವಿಷಯ.

ಹಳೆಯ ಪುಸ್ತಕಗಳನ್ನು ಬಲ್ಲ ಧಾರವಾಡದವರೊಬ್ಬರಿಗೆ ತೋರಿಸಿದೆ. ಇದರ ಇನ್ನೊಂದು ಪ್ರತಿಯನ್ನು ತಾವು ಕಂಡೇ ಇಲ್ಲ, ಜೋಪಾನವಾಗಿಡಿ ಎಂದರು. ಅದು ಅಪರೂಪದ್ದೋ ಅಲ್ಲವೋ, ನನಗೇನೂ ಆಗಬೇಕಿರಲಿಲ್ಲ. ಮೊದಲ ಪುಟದಲ್ಲಿ ಸೀನಿಯರ್ ಹಾಕಿದ್ದ ಸಹಿ ಮತ್ತು ತಾರೀಖನ್ನೇ ಎರಡೆರಡು ಸಲ ಓದಿದ್ದೆ. ನಾನು ಆ ಆಫೀಸಿಗೆ ಕಾಲಿಡುವ ಮೊದಲೇ ಅದು ಆ ಕಪಾಟಿನಲ್ಲಿತ್ತು.

ನನ್ನ ಮಾಮಾ, ಅಂದರೆ ಅವ್ವನ ತಮ್ಮ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಗುಮಾಸ್ತನಾಗಿದ್ದ. ಹಗಲೆಲ್ಲ ಘಾಟಿಗೆ ಕೆಮ್ಮುತ್ತ ಚೀಟಿ ಬರೆಯುವವನು, ಬಣ್ಣ ಹಚ್ಚಿದನೆಂದರೆ ಊರನ್ನೇ ನಗಿಸುತ್ತಿದ್ದ. ಹಾವೇರಿಯ ನಾಟಕದ ಮಾಸ್ತರರೊಬ್ಬರು ಬರೆದ ದುಃಖದ ನಾಟಕವೊಂದಿತ್ತು. ಅದರಲ್ಲಿ ರಾಜ್ಯ ಕಳೆದುಕೊಂಡ ರಾಜ, "ಹೇ ರಾಜ್ಯಲಕ್ಷ್ಮೀ, ನನ್ನನ್ನು ತೊರೆದು ಎಲ್ಲಿಗೆ ಹೊರಟೆ?" ಎಂದು ಅಳುತ್ತಾನೆ. ಮಾಮಾ ಕಟ್ಟಿದ ಅಣಕು ನಾಟಕದಲ್ಲಿ ಅಳುವವನು ಪೇಟೆಯ ದಲಾಲ: "ಹೇ ಬ್ಯಾಡಗಿ ಚೀಲವೇ, ನನ್ನನ್ನು ತೊರೆದು ಯಾವ ಲಾರಿ ಹತ್ತಿದೆ?" ಅವ್ವ ನಕ್ಕು ನಕ್ಕು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಮಾಸ್ತರರು ತೀರಿಕೊಂಡ ಮೇಲೆ ಅವರ ಮಗ ನೋಟಿಸು ಕಳಿಸಿದ. ತಂದೆಯ ನಾಟಕವನ್ನು ಕದ್ದಿದ್ದಾರೆ ಎಂಬ ಆರೋಪ. ಮಾಮಾ ರೈಲು ಹತ್ತಿ ನೇರ ರಾಣೇಬೆನ್ನೂರಿಗೆ, ಆಗಿನ್ನೂ ವಕೀಲಿಕೆ ಕಲಿಯುತ್ತಿದ್ದ ನನ್ನ ಬಳಿ ಬಂದ. ಸೀನಿಯರ್ ಅಂದು ಹಾವೇರಿ ಕೋರ್ಟಿಗೆ ಹೋಗಿದ್ದರು. ಅವರು ಬರುವತನಕ ಕಾಯೋಣ ಎಂದು ನನಗೆ ಅನಿಸಲಿಲ್ಲ. ಎಲ್ಲ ತಿಳಿದಿದೆ ಎಂಬ ಸೊಕ್ಕಿನ ವಯಸ್ಸು. ಕೇಸು ಮೈಮೇಲೆ ಎಳೆದುಕೊಂಡು ಯಾರು ಅಲೆಯಬೇಕು ಎಂದು ಅರ್ಧ ತಾಸಿನಲ್ಲಿ ಮಾಮಾನ ಹೆಸರಿನಲ್ಲಿ ತಪ್ಪೊಪ್ಪಿಗೆ ಪತ್ರ ಬರೆದು ಮುಗಿಸಿದೆ.

"ಕಳವು ಮಾಡೇನಿ ಅಂತ ಬರದೀಯಲ್ಲ ತಂಗೀ?" ಸೊಸೆಯಾದರೂ ನನ್ನನ್ನು ಅವನು ಕರೆಯುವುದು ಹಾಗೆಯೇ.

"ಬರೇ ಕಾಗದ ಮಾಮಾ. ಸಹಿ ಮಾಡು, ಮುಗದ ಹೋಗ್ತೈತಿ."

ಅವನು ಏನೋ ಹೇಳಲು ಬಾಯಿ ತೆರೆದ. ನಾನು ಪೆನ್ನು ಕೈಗೆ ಕೊಟ್ಟೆ.

ಮುಗಿದೇ ಹೋಯಿತು. ಮಾಮಾ ಮತ್ತೆ ಬಣ್ಣ ಹಚ್ಚಲಿಲ್ಲ. ನಾನು ವಾದಕ್ಕಿಳಿದಾಗ ಮೂಗು ಏರಿಸುವುದನ್ನು ಮಾಡಿ ತೋರಿಸಿ ಮನೆಮಂದಿಯನ್ನು ನಗಿಸುತ್ತಿದ್ದವನು ಅದನ್ನೂ ಬಿಟ್ಟ. ನನ್ನ ಮದುವೆಯಲ್ಲಿ ಒಂದು ಆಟ ಮಾಡಿ ತೋರಿಸೆಂದು ಬೀಗರು ದುಂಬಾಲು ಬಿದ್ದರೆ, "ಕಳ್ಳನ ಕಡೆಯಿಂದ ಏನ ಆಟ ಆಡಸ್ತೀರಿ," ಎಂದು ಬಡಿಸಲು ಎದ್ದು ಹೋದ. ಚೇಷ್ಟೆ ಎಂದುಕೊಂಡು ಎಲ್ಲರೂ ನಕ್ಕರು. ನಾನೂ ನಕ್ಕೆ, ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ಪುಸ್ತಕವನ್ನು ಎರಡು ದಿನ ಕೂತು ಓದಿದೆ. ಎಲ್ಲೋ ದೂರದ ದೇಶದ ಕೋರ್ಟುಗಳಲ್ಲಿ ಬಹಳ ಹಿಂದೆಯೇ ಇದೇ ಜಗಳ ನಡೆದಿತ್ತು. ನಗಿಸಲೆಂದು ಇನ್ನೊಬ್ಬರ ನಾಟಕವನ್ನು ತಿರುವಿ ಹಾಕಿದವನನ್ನು ಕಳ್ಳ ಎನ್ನಲು ಎಲ್ಲರೂ ಒಪ್ಪಿರಲಿಲ್ಲ. ಮಾಮಾನ ಪರವಾಗಿ ಹೇಳಬಹುದಾಗಿದ್ದ ಮಾತು ಪುಟಗಟ್ಟಲೆ ಇತ್ತು.

ಬ್ಯಾಡಗಿಗೆ ಹೋದೆ. ಮಾಮಾನಿಗೆ ಲಕ್ವ ಹೊಡೆದು ಬಲಗೈ ಬಿದ್ದಿದೆ. ಮಂಚದ ಪಕ್ಕ ಕೂತು ಓದಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ. "ನೀ ಕಳ್ಳ ಅಲ್ಲ ಮಾಮಾ," ಎಂದೆ. ಅವನು ಎಡಗೈಯಿಂದ ರಟ್ಟು ಸವರಿದ.

"ಇದು ಆವಾಗ ಇತ್ತೇನ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. "ಇತ್ತು. ನನ್ನ ಬೆನ್ನ ಹಿಂದ ಇತ್ತು. ನಾ ನೋಡ್ಲಿಲ್ಲ."

ಮಾಮಾ ಪುಸ್ತಕವನ್ನು ದಿಂಬಿನ ಪಕ್ಕಕ್ಕೆ ಸರಿಸಿದ. "ನಾನೂ ಒಂದ ಮಾತ ಹೇಳ್ಲಿಲ್ಲ," ಎಂದ. "ಪ್ರತಿ ಸಲ ಆಟಕ್ಕ ಮೊದಲ ಹಾವೇರಿಗೆ ಹೋಗಿ ಮಾಸ್ತರ ಮುಂದ ಎಲಿ ಅಡಿಕಿ ಇಡತಿದ್ದೆ. ಅವರು ಬಾಯಿಗೆ ಹಾಕ್ಕೊಂಡು, ಹೋಗು, ಚೊಲೋ ನಗಸು ಅಂತಿದ್ರು."

ಎಲೆ ತೆಗೆದುಕೊಂಡರೆ ಅಪ್ಪಣೆ ಕೊಟ್ಟ ಹಾಗೆಯೇ. ನೋಟಿಸಿಗೆ ಉತ್ತರ ಕೊಡಲು ಅದೊಂದು ಮಾತು ಸಾಕಿತ್ತು.

"ಅವತ್ತ ಯಾಕ ಹೇಳ್ಲಿಲ್ಲ ಮಾಮಾ?"

"ಸತ್ತವರ ಬಾಯಾಗಿನ ಎಲಿ ಅದು. ಅವರ ಮಗನ ಮುಂದ ಅದನ್ನ ಸಾಕ್ಷಿಗೆ ನಿಲ್ಲಸ್ಲೇನ?"

ನನಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, "ಆ ನಾಟಕದ ಹಸ್ತಪ್ರತಿ ಎಲ್ಲೈತಿ? ಅಚ್ಚು ಹಾಕಸೋಣ," ಎಂದೆ.

"ನೀನ ಬರದಿದ್ದಿಯಲ್ಲ, ಎಲ್ಲಾ ಪ್ರತಿ ನಾಶ ಮಾಡ್ತೇನಿ ಅಂತ. ಬಚ್ಚಲೊಲಿಗೆ ಹಾಕಿದೆ."

ರೂಢಿಯಂತೆ ಕಾಗದದ ಕೊನೆಗೆ ಸೇರಿಸಿದ್ದ ಸಾಲು ಅದು. ಬರೆದದ್ದು ನನಗೇ ಮರೆತಿತ್ತು.

"ಬಾಯಿಲೆ ಹೇಳು, ನಾ ಬರಕೋತೇನಿ," ಎಂದು ನೆನಪಿದ್ದ ಒಂದೇ ಸಾಲು ಎತ್ತಿಕೊಟ್ಟೆ. ಹೇ ಬ್ಯಾಡಗಿ ಚೀಲವೇ. ಮಾಮಾ ದಿಂಬಿಗೆ ಒರಗಿ ಎದ್ದು ಕೂತ. ಕಣ್ಣು ಮುಚ್ಚಿ ಶುರು ಮಾಡಿದ. ಬಂದದ್ದು ರಾಜ್ಯಲಕ್ಷ್ಮಿ. ರಾಜನ ಅಳುವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಅಕ್ಷರ ತಪ್ಪದೆ ಹೇಳಿದ. ನಿಲ್ಲಿಸಿ ಮತ್ತೆ ಪ್ರಯತ್ನಿಸಿದ. ಮತ್ತೆ ಅದೇ ಬಂತು. ನನ್ನ ಕೈಯಲ್ಲಿ ಪೆನ್ನು ಹಾಗೆಯೇ ಇತ್ತು.

"ಅವರದ ಪೂರಾ ಐತಿ ತಂಗೀ," ಎಂದ. "ನಂದ ಬರವಲ್ದು."