ಮೂರು ಜನ ಹೋಗಬಾರದು

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಕಲಾ ಇಪ್ಪತ್ತಾರು ವರ್ಷ ದುಡಿದವಳು. ಪ್ಯಾಕಿಂಗ್ ಸೆಕ್ಷನ್. ಶರ್ಟು ಮಡಿಸಿ, ಕಾಲರಿಗೆ ಪಟ್ಟಿ ಕೊಟ್ಟು, ಕವರಿಗೆ ಹಾಕಿ, ರಟ್ಟಿನ ಡಬ್ಬಕ್ಕೆ ತುಂಬುವ ಕೆಲಸ. ಬೇರೆಯವರು ಮಂಡಿಯೂರಿ ಒತ್ತಿ ಒತ್ತಿ ಮುಚ್ಚುತ್ತಿದ್ದ ಡಬ್ಬ ಅವಳ ಕೈಯಲ್ಲಿ ಹೇಳಿದ ಮಾತು ಕೇಳಿಕೊಂಡು ಮುಚ್ಚಿಕೊಳ್ಳುತ್ತಿತ್ತು. ಆ ಡಬ್ಬಗಳೆಲ್ಲ ಲಾರಿ ಹತ್ತಿ ಮದ್ರಾಸಿಗೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತವೆ ಎಂದು ಸೂಪರ್‌ವೈಸರ್ ಪದ್ಮನಾಭ ಹೇಳುತ್ತಿದ್ದರು. ಲೆಕ್ಕವಿಲ್ಲದಷ್ಟು ಶರ್ಟುಗಳನ್ನು ಸಮುದ್ರ ದಾಟಿಸಿದ ಕಲಾ ತನಗೆ ಐವತ್ತೆರಡು ತುಂಬಿದರೂ ಸಮುದ್ರ ನೋಡಿರಲಿಲ್ಲ. ನೋಡಬೇಕೆಂಬ ಆಸೆಯನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳೂ ಅಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಕಲಾಗೆ ದೇವರು ಕೈ ಕೊಟ್ಟ, ಬಾಯಿ ಕೊಡಲಿಲ್ಲ.

ಮದುವೆಯ ಮಾತು ಮೂರು ಸಲ ಬಂತು. ಮೂರು ಸಲವೂ ಉಪ್ಪಿಟ್ಟು ಕೇಸರಿಬಾತು ಖರ್ಚಾಯಿತೇ ಹೊರತು ಕೆಲಸವಾಗಲಿಲ್ಲ. ಅಷ್ಟರಲ್ಲಿ ತಮ್ಮ ನಾಗೇಂದ್ರನಿಗೆ ಮದುವೆಯಾಯಿತು, ಬಿಂದುಶ್ರೀ ಮನೆ ತುಂಬಿದಳು, ಅನು ಹುಟ್ಟಿದಳು, ಅನುವನ್ನು ಸೊಂಟದ ಮೇಲೆ ಹೊತ್ತು ಬೆಳೆಸುವುದರಲ್ಲಿ ಕಲಾಳ ಕೂದಲು ನೆರೆಯಿತು. ಏಳು ವರ್ಷದ ಹಿಂದೆ ತಾಯಿ ಗಂಗಲಕ್ಷ್ಮಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಕಲಾ ಕೆಲಸ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ.

ನಾಗೇಂದ್ರ ಸೆಕೆಂಡ್ ಹ್ಯಾಂಡ್ ಕಾರು ತಂದದ್ದೂ ಅದೇ ವರ್ಷವೇ. ಅಂದಿನಿಂದ ಪ್ರತಿ ಬೇಸಿಗೆ ರಜಕ್ಕೆ ಗಂಡ ಹೆಂಡತಿ ಮಗಳು, ಬಿಂದುಶ್ರೀಯ ತವರಿನ ಯಾರಾದರೊಬ್ಬರು, ಹೀಗೆ ನಾಲ್ವರು ಎಲ್ಲಿಗಾದರೂ ಹೊರಡುವರು. ಕಾರು ಸಜ್ಜು ಮಾಡುವವಳು ಕಲಾ. ಅವ್ವನ ಜೊತೆ ಉಳಿಯುವವಳೂ ಕಲಾ. ಅದು ಅವಳಿಗೆ ಅನ್ಯಾಯವೆಂದು ತೋರಿದ್ದಿಲ್ಲ. ಹಾಸಿಗೆಯಲ್ಲಿ ಮಲಗಿದ ಅವ್ವನನ್ನು ಬಿಟ್ಟು ಯಾವ ಮಗಳು ಊರು ನೋಡಲು ಹೋಗುತ್ತಾಳೆ?

ಕಾರು ಚಿಕ್ಕದು. ಸಾಲದ್ದಕ್ಕೆ ಡಿಕ್ಕಿಯೊಳಗೆ ಕಾರು ಓಡಿಸುವ ಗ್ಯಾಸಿನ ಸಿಲಿಂಡರು ಕುಂಭಕರ್ಣನಂತೆ ಅಡ್ಡ ಮಲಗಿತ್ತು. ಸೂಟ್‌ಕೇಸು ಇಡಲು ಜಾಗವಿಲ್ಲ, ಸಾಮಾನೆಲ್ಲ ಹಿಂದಿನ ಸೀಟಿಗೇ ಬರಬೇಕು. ಮೊದಲ ವರ್ಷ ನಾಗೇಂದ್ರ ತುಂಬಿದ ರೀತಿಯನ್ನು ಕಲಾಳಿಂದ ನೋಡಲಾಗಲಿಲ್ಲ. ಅವನನ್ನು ಪಕ್ಕಕ್ಕೆ ಸರಿಸಿ ತಾನೇ ನಿಂತಳು. ಬ್ಯಾಗು ಸೂಟ್‌ಕೇಸುಗಳನ್ನು ಅಟ್ಟಕ್ಕೆ ಹಾಕಿ, ಬಟ್ಟೆಯನ್ನೆಲ್ಲ ಸುರುಳಿ ಸುತ್ತಿ ಹಳೆಯ ದಿಂಬಿನ ಕವರುಗಳಿಗೆ ತುಂಬಿದಳು. ದಿಂಬಿನ ಕವರಿಗೆ ಮೂಲೆಯಿಲ್ಲ, ಹೇಳಿದ ಸಂದಿಗೆ ಹೋಗಿ ಕೂರುತ್ತದೆ. ಹಳೆಯ ಜೀನ್ಸ್ ಪ್ಯಾಂಟುಗಳನ್ನು ಬಿಚ್ಚಿ ಮುಂದಿನ ಸೀಟುಗಳ ಬೆನ್ನಿಗೆ ತೂಗುಹಾಕುವ ಜೇಬುಗಳನ್ನು ಹೊಲಿದಳು. ನಾಗೇಂದ್ರನ ಕನ್ನಡಕಕ್ಕೊಂದು, ಚಾರ್ಜರಿಗೊಂದು, ಬಿಂದುವಿನ ತಲೆನೋವಿನ ಮಾತ್ರೆಗೊಂದು. ಘಾಟಿ ತಿರುವಿನಲ್ಲಿ ಅನುಗೆ ವಾಂತಿಯಾಗುತ್ತದೆಂದು ಅವಳ ಕೈಗೆ ಎಟುಕುವ ಜೇಬಿನಲ್ಲಿ ಪ್ಲಾಸ್ಟಿಕ್ ಕವರು, ನಿಂಬೆಹಣ್ಣು, ಶುಂಠಿ ಪೆಪ್ಪರಮೆಂಟು.

"ಮೊದಲು ಬೇಕಾಗೋದು ಕೊನೇಲಿ ಒಳಗೆ ಹೋಗ್ಬೇಕು ಕಣೇ" ಎಂದು ಅನುಗೆ ಪಾಠ ಹೇಳುವಳು. "ಬುತ್ತಿ ಮೇಲಿರ್ಬೇಕು. ಊರಿಗೆ ಹೋದ್ಮೇಲೆ ಉಡೋದು ತಳದಲ್ಲಿರ್ಬೇಕು."

ಗಂಗಲಕ್ಷ್ಮಮ್ಮ ಹೋದ ವರ್ಷ ತೀರಿಕೊಂಡರು. ಈ ವರ್ಷ ಮಾರ್ಚಿನಲ್ಲಿ ವರ್ಷದ ತಿಥಿ ಮುಗಿದ ಸಂಜೆ ನಾಗೇಂದ್ರ ತಾನಾಗಿಯೇ ಹೇಳಿದ.

"ಅಕ್ಕ, ಈ ಸಲ ನೀನೂ ಬರ್ತಿದೀಯ. ಮುರುಡೇಶ್ವರ. ಸಮುದ್ರ ನೋಡುವಂತೆ. ಇನ್ನೇನು ಅಡ್ಡಿ ನಿಂಗೆ?"

"ನೋಡಾಣ ಬಿಡೋ" ಎಂದು ಕಲಾ ಅಡುಗೆಮನೆಗೆ ಹೋದಳು. ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅಕ್ಕಿ ತೊಳೆಯುತ್ತಾ ಮನಸಾರೆ ನಕ್ಕಳು. ಮಾರನೆಯ ವಾರ ವಿಜಯನಗರಕ್ಕೆ ಹೋಗಿ ಒಂದು ನೀಲಿ ವಾಯಿಲ್ ಸೀರೆ, ಮರಳಿನಲ್ಲಿ ನಡೆಯಲು ಒಂದು ಜೊತೆ ರಬ್ಬರ್ ಚಪ್ಪಲಿ ತಂದಳು. ಅವೆರಡನ್ನೂ ಒಂದು ಟವೆಲಿನ ಜೊತೆ ದಿಂಬಿನ ಕವರಿಗೆ ಹಾಕಿ, ಏಪ್ರಿಲ್ ಮೂರನೇ ವಾರ ಕಾರು ತುಂಬಲು ತೊಡಗಿದಾಗ ಎಲ್ಲಕ್ಕಿಂತ ಮೊದಲು ಅದನ್ನೇ ಸಿಲಿಂಡರಿನ ಹಿಂದಿನ ಸಂದಿಗೆ ಇಳಿಸಿದಳು. ಊರಿಗೆ ಹೋದಮೇಲೆ ಉಡುವುದು ತಳದಲ್ಲಿರಬೇಕಲ್ಲ.

ಹೊರಡಲು ನಾಲ್ಕು ದಿನವಿರುವಾಗ ಅನು ಕುಣಿಯುತ್ತಾ ಬಂದಳು. ಅವಳ ಗೆಳತಿ ರಂಜಿನಿಯೂ ಬರುತ್ತಾಳಂತೆ. ಇಬ್ಬರದೂ ಪಿಯುಸಿ ಪರೀಕ್ಷೆ ಮುಗಿದಿದೆ, ಮುಂದೆ ಯಾರು ಎಲ್ಲಿ ಓದುತ್ತಾರೋ. ನಾಗೇಂದ್ರ ಹೂಂ ಎಂದ. ಅವನಿಗೆ ಮಗಳ ಮುಂದೆ ಉಹೂಂ ಎಂಬ ಮಾತೇ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಈಗ ಮೂವರು ಕೂರಬೇಕು. ಸಾಮಾನಿನ ಜೊತೆ ಅದು ಆಗದ ಮಾತು. ಕಲಾ ಸೆರಗು ಸಿಕ್ಕಿಸಿದಳು. ಎರಡು ದಿನ ಕಾರಿನ ಬಾಗಿಲು ತೆಗೆದಿಟ್ಟುಕೊಂಡು, ತುಂಬಿದ್ದನ್ನು ಬಿಚ್ಚಿ, ಮತ್ತೆ ತುಂಬಿ, ಚಪ್ಪಲಿಗಳನ್ನು ಸೀಟಿನಡಿಗೆ, ನೀರಿನ ಕ್ಯಾನನ್ನು ಬಿಂದುವಿನ ಕಾಲಬಳಿಗೆ, ಹೊದಿಕೆಗಳನ್ನು ಮಡಿಸಿ ಸೀಟಿನ ಮೇಲೇ ಹಾಸಿ, ಅಂತೂ ಮೂರು ಜನರ ಜಾಗ ಮಾಡಿಯೇ ಬಿಟ್ಟಳು. ಯಾವ ಫ್ಯಾಕ್ಟರಿಯಲ್ಲೂ ಸಿಗದ ಸಂತೋಷ ಅಂದು ಅವಳಿಗೆ ಸಿಕ್ಕಿತು. ನಾಗೇಂದ್ರನನ್ನು ಕರೆದು ತೋರಿಸಿದಳು.

ಅವನು ತಲೆ ಕೆರೆದುಕೊಂಡ. "ಸೂಪರ್ ಕಣಕ್ಕ. ಆದ್ರೆ ಹತ್ತು ಗಂಟೆ ದಾರಿ. ಮೂರು ಜನ ಒತ್ಕೊಂಡು ಕೂತ್ರೆ ನಿನ್ ಮಂಡಿ ನೋವು..."

ಇಲ್ಲಿ ಕಲಾ ಒಂದು ತಪ್ಪು ಮಾಡಿದಳು. ನಮ್ಮ ಕಡೆ ಎಲ್ಲರೂ ಮಾಡುವ ತಪ್ಪೇ. ಮನೆಗೆ ಬಂದವರು ಊಟಕ್ಕೆ ಕರೆದರೆ ಬೇಡ ಎನ್ನುತ್ತಾರೆ. ಎರಡನೆಯ ಸಲವೂ ಬೇಡ ಎನ್ನುತ್ತಾರೆ. ಮೂರನೆಯ ಸಲ ಕೈ ಹಿಡಿದು ಎಳೆದರೆ ತಟ್ಟೆ ಮುಂದೆ ಕೂತು ಎರಡು ಸಲ ಸಾರು ಹಾಕಿಸಿಕೊಳ್ಳುತ್ತಾರೆ. ಮೊದಲ ಕರೆಗೇ ಎದ್ದು ಬರುವವರನ್ನು ನಾವು ಮರ್ಯಾದಸ್ಥರೆಂದು ಎಣಿಸುವುದಿಲ್ಲ.

"ನಾನ್ಯಾಕೋ ಬಿಡು" ಎಂದಳು ಕಲಾ. "ಮಕ್ಕಳು ಆರಾಮಾಗಿ ಕೂತ್ಕೊಳ್ಲಿ. ನೀವು ಹೋಗ್ಬನ್ನಿ."

ಹೇಳಿ, ಎರಡನೆಯ ಕರೆಗಾಗಿ ಕಾದಳು.

"ಹೌದಾ? ಸರಿ ಹಂಗಾದ್ರೆ" ಎಂದ ನಾಗೇಂದ್ರ. ಅವನ ಮುಖದಲ್ಲಿ ನಿರಾಳ ಎದ್ದು ಕಾಣುತ್ತಿತ್ತು. "ಮನೇಲಿ ಒಬ್ರು ಇದ್ದಂಗೂ ಆಗುತ್ತೆ. ಕಾವೇರಿ ನೀರು ಬೇರೆ ದಿನ ಬಿಟ್ಟು ದಿನ ಬರುತ್ತೆ, ಸಂಪು ತುಂಬಿಸ್ಕೋಬೇಕಲ್ಲ."

ಬಿಂದುಶ್ರೀಯಾದರೂ ಕರೆದಾಳೆಂದು ಕಲಾ ರಾತ್ರಿಯ ಊಟದವರೆಗೂ ಅಡುಗೆಮನೆ ಬಿಟ್ಟು ಕದಲಲಿಲ್ಲ. "ಅಕ್ಕ, ನೀವು ಬರಲ್ವಂತೆ? ಮಂಡಿನೋವಂತೆ?" ಎಂದು ಬಿಂದು ಮರುಗಿದಳು, ಹೋಗಿ ಟೀವಿ ಹಾಕಿಕೊಂಡಳು. ಈ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ಕಲಾಗೆ ಬೈದುಕೊಳ್ಳಲಾದರೂ ಒಂದು ಮುಖ ಇರುತ್ತಿತ್ತು.

ತನ್ನ ದಿಂಬಿನ ಕವರನ್ನು ಹೊರಗೆ ತೆಗೆಯಬೇಕೆಂದರೆ ಇಡೀ ಡಿಕ್ಕಿ ಬಿಚ್ಚಬೇಕು. ಕಲಾ ಬಿಚ್ಚಲಿಲ್ಲ. ಹೊರಡುವುದರೊಳಗೆ ಯಾರಾದರೂ ಇನ್ನೊಂದು ಮಾತು ಅನ್ನಬಹುದು.

ಹೊರಡುವ ದಿನ ನಾಲ್ಕಕ್ಕೇ ಎದ್ದು ಪುಳಿಯೋಗರೆ ಕಲೆಸಿ, ಚಪಾತಿ ಸುಟ್ಟು, ಸ್ನಾನ ಮಾಡಿ, ಆಚೆ ಹೋಗುವಾಗ ಉಡುವ ಸೀರೆಯನ್ನೇ ಉಟ್ಟಳು. ಕಳಿಸಿಕೊಡುವವರು ಒಳ್ಳೆಯ ಸೀರೆ ಉಡಬಾರದೆಂದು ಎಲ್ಲಿದೆ? ಬೀದಿಗೆ ಬಂದು ಕಾರಿನ ಕವರು ತೆಗೆದಳು. ಗಾಳಿಗೆ ಹಾರದಂತೆ ಅದರ ನಾಲ್ಕು ಮೂಲೆಗೂ ಒಂದೊಂದು ಕಲ್ಲು ಹೇರುವುದು ವಾಡಿಕೆ. ನಾಲ್ಕು ಕಲ್ಲನ್ನೂ ಗೇಟಿನ ಪಕ್ಕ ಸಾಲಾಗಿಟ್ಟು, ಕವರು ಮಡಿಸಿ, ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟಳು.

ಐದೂವರೆಗೆ ಅನುವಿನ ಫೋನು ಹೊಡೆದುಕೊಂಡಿತು. ರಂಜಿನಿಗೆ ರಾತ್ರಿಯಿಂದ ಜ್ವರ, ಮೈಮೇಲೆಲ್ಲ ಗುಳ್ಳೆ. ಬೇಸಿಗೆಯಲ್ಲವೇ, ಅಮ್ಮ ಬಂದಿದೆ.

"ಈಗ ಹೇಳ್ತಿದೀಯಲ್ಲೇ!" ಎಂದು ಅನು ಫೋನಿನಲ್ಲೇ ಅತ್ತು, ಹಿಂದಿನ ಸೀಟಿಗೆ ಹೋಗಿ ಕೂತು ಬಾಗಿಲು ದಢಾರನೆ ಎಳೆದುಕೊಂಡಳು.

ಅವಳ ಪಕ್ಕದಲ್ಲಿ ಈಗ ಎರಡು ಜನರ ಜಾಗ ಖಾಲಿ. ಕಲಾ ಕಣ್ಣಿಟ್ಟು ನೋಡಿದಳು. ಬರ್ತೀನಿ ಎನ್ನಬೇಕೆಂದು ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಬೇಡವೆಂದವಳು ತಾನು, ಈಗ ತಾನೇ ಹೋಗಿ ಹತ್ತಿಕೊಳ್ಳುವುದು ಹೇಗೆ?

ಬಿಂದುಶ್ರೀ ಮುಂದಿನ ಬಾಗಿಲಿಗೆ ಕೈ ಹಾಕಿದವಳು ತಟ್ಟನೆ ನಿಂತಳು. "ರೀ, ಮೂರು ಜನ ಆದ್ವಲ್ರೀ. ಮೂರು ಜನ ಹೋಗ್ಬಾರ್ದು."

ಕಲಾಗೆ ಮೈಯೆಲ್ಲ ಕಿವಿಯಾಯಿತು. ದೇವರೇ ಬಿಂದುವಿನ ಬಾಯಲ್ಲಿ ನುಡಿಸಿದ ಎಂದುಕೊಂಡಳು. ಕೈ ತಾನಾಗಿ ತುರುಬನ್ನು ಸರಿಮಾಡಿಕೊಂಡಿತು.

ನಾಗೇಂದ್ರ ಆಚೆ ಈಚೆ ನೋಡಿದ. ಅವನ ಕಣ್ಣು ಗೇಟಿನ ಬಳಿ ಬಂತು, ಅಕ್ಕನ ಮೇಲೆ ಬಂತು, ಅಲ್ಲಿಂದ ಅವಳ ಕಾಲಬುಡಕ್ಕೆ ಇಳಿಯಿತು.

"ಅಕ್ಕ, ಆ ಕಲ್ಲಲ್ಲಿ ಒಂದು ಕೊಡು. ಜೊತೇಲಿಟ್ಕೊಂಡ್ರೆ ನಾಲ್ಕಾಗುತ್ತೆ."

ಕಲಾ ಸಾಲಾಗಿದ್ದ ಕಲ್ಲುಗಳತ್ತ ನೋಡಿದಳು. "ಯಾವ್ದು?" ಎಂದಳು.

"ಯಾವ್ದೋ ಒಂದು. ಬೇಗ ಕಣಕ್ಕ, ಆಮೇಲೆ ಟ್ರಾಫಿಕ್ಕು."

ಅವಳು ಬಗ್ಗಿ, ನಾಲ್ಕರಲ್ಲಿ ನುಣುಪಾಗಿದ್ದ, ತೆಂಗಿನಕಾಯಿ ಗಾತ್ರದ ಕಪ್ಪು ಕಲ್ಲನ್ನು ಎತ್ತಿಕೊಂಡಳು. ನಲ್ಲಿಯಲ್ಲಿ ತೊಳೆದು, ಒಳ್ಳೆಯ ಸೀರೆಯ ಸೆರಗಿನಲ್ಲೇ ಒರೆಸಿದಳು. ಬ್ರೇಕು ಹಾಕಿದಾಗ ಉರುಳಿ ಮಗುವಿನ ಕಾಲಿಗೆ ಬಿದ್ದರೆ? ಟವೆಲೊಂದನ್ನು ಸಿಂಬಿ ಸುತ್ತಿ ಅದರ ಮೇಲೆ ಕಲ್ಲು ಕೂರಿಸಿ, ಎರಡು ಕಡೆಯೂ ಹೊದಿಕೆ ಒತ್ತರಿಸಿ, ಅಲುಗಾಡಿಸಿ ನೋಡಿದಳು. ಇಪ್ಪತ್ತಾರು ವರ್ಷದ ಕೈ, ಈ ಹೊತ್ತಿನಲ್ಲೂ ಮೋಸ ಮಾಡಲಿಲ್ಲ. ಕಲ್ಲು ಗಟ್ಟಿಯಾಗಿ ಕೂತಿತು. ಕಿಟಕಿಯ ಪಕ್ಕದ ಜಾಗ.

ನಿಂಬೆಹಣ್ಣು ಚಟ್ಟೆನ್ನಿಸಿ ಕಾರು ಹೋಯಿತು. ಎದುರು ಮನೆಯ ಪಟಾಲಮ್ಮ ರಂಗೋಲಿ ಡಬ್ಬಿ ಹಿಡಿದು ನಿಂತಿದ್ದರು.

"ಯಾಕೆ ಕಲಾ, ನೀನೂ ಹೋಗ್ತೀಯ ಅಂದಿದ್ರಲ್ಲ?"

"ಜಾಗ ಆಗ್ಲಿಲ್ಲ ಪಟಾಲಮ್ಮೋರೆ" ಎಂದು ಕಲಾ ಪೊರಕೆ ತರಲು ಒಳಗೆ ಹೋದಳು. ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು, ಅವ್ವ ಹೋದಾಗಲೂ ಅಳದಷ್ಟು ಅತ್ತಳು.

ಐದು ದಿನ ಮನೆಯಲ್ಲಿ ಒಬ್ಬಳೇ. ಸಂಪು ತುಂಬಿಸಿದಳು, ಸಂಡಿಗೆ ಹಾಕಿದಳು, ಒಂದು ಪಾವು ಅನ್ನ ಮಾಡಿದರೆ ಎರಡು ಹೊತ್ತಿಗೂ ಮಿಕ್ಕುತ್ತಿತ್ತು. ಅನು ಫೋಟೋ ಕಳಿಸಿದಳು. ಮೂವರೂ ನಗುತ್ತಾ ನಿಂತಿದ್ದಾರೆ, ಹಿಂದೆ ಒಂದು ಬೆರಳಿನಷ್ಟು ಸಮುದ್ರ. ಕಲಾ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ಮನುಷ್ಯರನ್ನು ಪಕ್ಕಕ್ಕೆ ಸರಿಸಿ ನೀರನ್ನು ನೋಡಿದಳು. ಹಿಗ್ಗಿಸಿದಷ್ಟೂ ಅದು ಮಸುಕಾಯಿತು.

ಭಾನುವಾರ ಸಂಜೆ ಕಾರು ವಾಪಸು ಬಂತು. ಬಿಂದುಶ್ರೀ ಡಿಕ್ಕಿಯಿಂದ ಒಂದೊಂದೇ ಕವರು ಎಳೆದು ಜಗಲಿಗೆ ಹಾಕುತ್ತಿದ್ದಳು. ಕೊನೆಯದು ಗಂಟು ಬಿಚ್ಚದ ಕವರು. ಬಿಚ್ಚಿ ನೋಡಿದಳು. ಚೀಟಿ ಕೀಳದ ನೀಲಿ ಸೀರೆ, ಹೊಸ ರಬ್ಬರ್ ಚಪ್ಪಲಿ.

"ಅಕ್ಕ, ಇದು ನಿಮ್ಮದಲ್ವಾ? ನಮ್ ಜೊತೆ ಹೇಗೆ ಬಂತು?"

"ಕೈತಪ್ಪಿ ಸೇರ್ಕೊಂಡಿರ್ಬೇಕು" ಎಂದಳು ಕಲಾ.

"ನೋಡಿ, ಐದು ದಿನ ಸುಮ್ನೆ ಸುತ್ತಾಡ್ಕೊಂಡು ಬಂದಿದೆ" ಎಂದು ಬಿಂದು ನಕ್ಕು ಒಳಗೆ ಹೋದಳು. ನಾಗೇಂದ್ರ ನಗಲಿಲ್ಲ. ಅಕ್ಕನ ಕೈಯಿಂದ ಈವರೆಗೆ ಒಂದು ಸೂಜಿಯೂ ತಪ್ಪಿ ಬೇರೆ ಕಡೆ ಸೇರಿದ್ದಿಲ್ಲ ಎಂದು ಅವನಿಗೆ ಗೊತ್ತು. ಚಪ್ಪಲಿ ನೋಡಿದ. ತಳದಲ್ಲಿ ಒಂದು ಕಣ ಮಣ್ಣಿರಲಿಲ್ಲ.

"ಅಕ್ಕ..." ಎಂದ. ಚಪ್ಪಲಿಯನ್ನು ಮತ್ತೆ ಕವರಿಗೆ ಹಾಕಿದ. "ಮುಂದಿನ ವರ್ಷ ಖಂಡಿತ."

"ನೋಡಾಣ ಬಿಡೋ. ಹೋಗು, ಕೈಕಾಲು ತೊಳ್ಕೋ. ನೀರು ಕಾದಿದೆ."

ಕಡೆಗೆ ಇಳಿದ ಅನು ಎರಡು ಕೈಯಲ್ಲೂ ಕಲ್ಲು ಹಿಡಿದು ತಂದಳು. "ಅತ್ತೆ, ತಗೋ ನಿನ್ ಕಲ್ಲು. ಇದಕ್ಕೂ ಸಮುದ್ರ ಸ್ನಾನ ಮಾಡಿಸ್ದೆ. ಅಲೆ ಬಂದು ಎತ್ಕೊಂಡೇ ಹೋಗ್ತಿತ್ತು, ಓಡಿ ಹೋಗಿ ಹಿಡ್ಕೊಂಡೆ!"

"ಒಳ್ಳೇದು ಮಾಡ್ದೆ ಕಣವ್ವ" ಎಂದು ಕಲಾ ಕೈ ಚಾಚಿದಳು.

ಎಲ್ಲರೂ ಒಳಗೆ ಹೋದ ಮೇಲೆ ಕಾರಿಗೆ ಕವರು ಹೊದಿಸಿದಳು. ಮೂರು ಮೂಲೆಗೆ ಮೂರು ಕಲ್ಲು ಹೇರಿದಳು. ನಾಲ್ಕನೆಯದು ಕೈಯಲ್ಲಿತ್ತು. ಅದರ ಕುಳಿಗಳಲ್ಲಿ ಬಿಳಿಯ ಪುಡಿ ಕಟ್ಟಿಕೊಂಡಿತ್ತು. ಬೀದಿಯಲ್ಲಿ ಯಾರೂ ಇಲ್ಲವೆಂದು ಆ ಕಡೆ ಈ ಕಡೆ ನೋಡಿ, ಕಲ್ಲನ್ನು ಬಾಯಿಯ ಹತ್ತಿರ ತಂದು ನಾಲಿಗೆಯ ತುದಿ ತಾಗಿಸಿದಳು.

ಉಪ್ಪು.

ಇನ್ನೊಂದು ಸಲ ತಾಗಿಸಿ ನೋಡಿದಳು. ಆಮೇಲೆ ಅದನ್ನು ತೊಳೆಯದೆ, ಒರೆಸದೆ, ಹಾಗೆಯೇ ನಾಲ್ಕನೆಯ ಮೂಲೆಗೆ ಇಟ್ಟು ಒಳಗೆ ಹೋದಳು.